ಸುಬ್ರಮಣಿಯನ್ ಸಾಹೇಬರ ನಾಲ್ಕು ಸೆಕೆಂಡು

ಸುಬೇದಾರ್ ಸುಬ್ರಮಣಿಯನ್ ಅವರ ಕಥೆಯನ್ನು ನಾನು ಮೊದಲ ಸಲ ಕೇಳಿದ್ದು ತೂಕಡಿಸುತ್ತಾ. 1989ನೇ ಇಸವಿ. ಮಾಲೂರಿನ ಕಡೆಯ ಹಳ್ಳಿಯಿಂದ ಬಂದು ಹಲಸೂರು ಕೆರೆ ಪಕ್ಕದ ಎಂ.ಇ.ಜಿ. ಸೆಂಟರಿನಲ್ಲಿ ರಂಗರೂಟಾಗಿ ಸೇರಿದ್ದೆ. ಕತ್ತಲಿರುವಾಗಲೇ ಓಟ, ಆಮೇಲೆ ಡ್ರಿಲ್ಲು, ತಿಂಡಿ, ಅದಾದ ಮೇಲೆ ಕ್ಲಾಸು. ಹೊಟ್ಟೆ ತುಂಬ ಪೂರಿ ತಿಂದು ಬೆಂಚಿನ ಮೇಲೆ ಕೂತರೆ ಯಾವ ರಂಗರೂಟಿಗೆ ತಾನೇ ಕಣ್ಣು ನಿಲ್ಲುತ್ತದೆ? ಪಲ್ಟನ್ನಿನ ಇತಿಹಾಸ ಹೇಳುತ್ತಿದ್ದ ಉಸ್ತಾದರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ‘ಸುಬ್ರಮಣಿಯನ್ ಸಾಬ್ ಕೌನ್ ಥೇ, ಬತಾವ್’ ಅಂದರು. ನನಗೆ ಹಿಂದಿಯೂ ಬರುತ್ತಿರಲಿಲ್ಲ, ಉತ್ತರವೂ ಗೊತ್ತಿರಲಿಲ್ಲ. ರೈಫಲ್ಲನ್ನು ತಲೆಯ ಮೇಲೆ ಎತ್ತಿ ಹಿಡಿದು ಮೈದಾನ ಸುತ್ತಿದೆ. ಅವತ್ತಿನಿಂದ ಆ ಹೆಸರು ಮರೆತಿಲ್ಲ.

ಎಂ.ಇ.ಜಿ. ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. 1780ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಪಡೆ, ಮುಂದಿನ ಶತಮಾನದಲ್ಲಿ ಬೆಂಗಳೂರು ದಂಡಿಗೆ ಬಂದು ಹಲಸೂರಿನಲ್ಲಿ ಬೇರೂರಿತು. ಸೈನ್ಯದಲ್ಲಿ ನಮ್ಮನ್ನೆಲ್ಲ ‘ತಂಬಿ’ ಅಂತಲೇ ಕರೆಯುವುದು. ಕನ್ನಡದವನಾಗಲಿ, ತೆಲುಗಿನವನಾಗಲಿ, ಮಲಯಾಳಿಯಾಗಲಿ, ಒಳಗೆ ಕಾಲಿಟ್ಟ ಮೇಲೆ ತಂಬಿಯೇ. ಸೇತುವೆ ಕಟ್ಟುವುದು, ಸೇತುವೆ ಉಡಾಯಿಸುವುದು, ಮೈನು ಹೂಳುವುದು, ಮೈನು ತೆಗೆಯುವುದು ಸ್ಯಾಪರನ, ಅಂದರೆ ಎಂಜಿನಿಯರ್ ಪಡೆಯ ಸಿಪಾಯಿಯ, ಕಸುಬು. ಮುಳ್ಳುತಂತಿಯ ಬೇಲಿ ಸೀಳಲು ಎರಡು ಮಹಾಯುದ್ಧಗಳಲ್ಲೂ ಬಳಸಿದ ‘ಬ್ಯಾಂಗಳೂರ್ ಟಾರ್ಪಿಡೊ’ ಹುಟ್ಟಿದ್ದು 1912ರಲ್ಲಿ, ಇದೇ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಅವರ ಕೈಯಲ್ಲಿ. ಊರಿನ ಹೆಸರು ಹೊತ್ತ ಆ ಸಾಮಾನು ಪ್ರಪಂಚ ಸುತ್ತಿದೆ. ಊರಿನವರಲ್ಲಿ ಎಷ್ಟು ಜನ ಕೇಳಿದ್ದಾರೋ ನಾ ಕಾಣೆ.

ಉಸ್ತಾದರು ಹೇಳಿದ ಕಥೆ ಇಷ್ಟು. 1944ರ ಫೆಬ್ರವರಿ 24. ಇಟಲಿಯ ಮಿಗ್ನಾನೊ ಎಂಬ ಊರಿನ ಹತ್ತಿರ, ಕಸ್ಸಿನೊ ಬೆಟ್ಟದ ಕಾಳಗ ನಡೆಯುತ್ತಿದ್ದ ಚಳಿಗಾಲ. ನಾಲ್ಕನೇ ಇಂಡಿಯನ್ ಡಿವಿಷನ್ನಿನ ಜೊತೆಗಿದ್ದ ನಮ್ಮ 11ನೇ ಫೀಲ್ಡ್ ಪಾರ್ಕ್ ಕಂಪನಿಯ ಒಂದು ತುಕಡಿ ಮೈನುಗಳ ನಡುವೆ ದಾರಿ ಬಿಡಿಸುತ್ತಿತ್ತು. ಮುಂದೆ ಡಿಟೆಕ್ಟರ್ ಹಿಡಿದ ಜವಾನ, ಅವನ ಹಿಂದೆ ಬಿಳಿ ಟೇಪು ಹಾಸುತ್ತಾ ಸುಬೇದಾರ್ ಸುಬ್ರಮಣಿಯನ್, ಅವರ ಹಿಂದೆ ಉಳಿದವರು. ಜರ್ಮನ್ನರು ಹೂತಿದ್ದ ‘ಎಸ್-ಮೈನ್’ ಒಂದರ ಕಡ್ಡಿಗೆ ಕಾಲು ತಾಗಿತು. ಆ ಮೈನು ತುಳಿದ ತಕ್ಷಣ ಸಿಡಿಯುವುದಲ್ಲ. ಮೊದಲು ಸಣ್ಣ ಸದ್ದು. ನಾಲ್ಕು ಸೆಕೆಂಡು ಕಳೆದ ಮೇಲೆ ನೆಲದಿಂದ ಸೊಂಟದ ಎತ್ತರಕ್ಕೆ ಜಿಗಿದು ಸಿಡಿಯುತ್ತದೆ. ಒಳಗೆ ಮುನ್ನೂರೈವತ್ತಕ್ಕೂ ಹೆಚ್ಚು ಉಕ್ಕಿನ ಗುಂಡು. ಸುತ್ತ ನಿಂತವರು ಯಾರೂ ಉಳಿಯಬಾರದು ಅಂತಲೇ ಮಾಡಿದ ಸಾಮಾನು ಅದು. ಆ ಸಣ್ಣ ಸದ್ದು ಏನೆಂದು ಸುಬ್ರಮಣಿಯನ್ ಸಾಹೇಬರಿಗೆ ಗೊತ್ತಿತ್ತು. ಓಡಲಿಲ್ಲ, ಮಲಗಿ ಅಂತ ಕೂಗಲೂ ಇಲ್ಲ. ಮೈನಿನ ಮೇಲೆ ಅಡ್ಡ ಬಿದ್ದರು. ಸಿಡಿತವನ್ನೆಲ್ಲ ಅವರ ಮೈ ಹೀರಿತು. ಸಂಗಾತಿಗಳು ಬದುಕಿದರು.

ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಕೊಟ್ಟರು. ಆ ಪದಕ ನೇರವಾಗಿ ಪಡೆದ ಮೊದಲ ಭಾರತೀಯ ಅವರು. ಇಲ್ಲೊಂದು ಮಾತು ಹೇಳಬೇಕು. ಶತ್ರುವಿನ ಎದುರಿಗೆ ನಿಂತು ತೋರಿಸಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್. ಶತ್ರು ಎದುರಿಗೆ ಇಲ್ಲದ ಕಡೆ ತೋರಿಸಿದ ಅಷ್ಟೇ ದೊಡ್ಡ ಶೌರ್ಯಕ್ಕೆ ಜಾರ್ಜ್ ಕ್ರಾಸ್. ಮೈನಿನ ಕೆಲಸದಲ್ಲಿ ಶತ್ರು ಎದುರಿಗೆ ಇರುವುದೇ ಇಲ್ಲ. ಹೂತವನು ಬಿಟ್ಟು ಹೋಗಿ ಯಾವ ಕಾಲವಾಯಿತೋ, ಅವನು ಹೂತದ್ದು ಮಾತ್ರ ಕಾಯುತ್ತಾ ಇರುತ್ತದೆ. ಈ ವ್ಯತ್ಯಾಸ ನನ್ನ ತಲೆಗೆ ಇಳಿದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಒಬ್ಬ ಗುಮಾಸ್ತರ ಮೇಜಿನಿಂದ ಎದ್ದು ಹೊರಗೆ ಬಂದ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ‘ಆಪರೇಷನ್ ಪರಾಕ್ರಮ್’ ಅಂತ ಹೆಸರಿಟ್ಟು ಸೈನ್ಯವನ್ನು ಗಡಿಗೆ ತಂದು ನಿಲ್ಲಿಸಿದರು. ಆಗ ನಾನು ನಾಯಕ್. ನಮ್ಮ ಕಂಪನಿ ರಾಜಸ್ಥಾನದ ಗಡಿಗೆ ಹೋಯಿತು. ಪಂಜಾಬಿನ ಗೋಧಿ ಹೊಲದಿಂದ ಹಿಡಿದು ಥಾರ್ ಮರಳಿನವರೆಗೆ ಗಡಿಯುದ್ದಕ್ಕೂ ಮೈನು ಹೂಳಬೇಕೆಂದು ಹುಕುಂ ಆಯಿತು. ಚಳಿಯಲ್ಲಿ ಬೆರಳು ಮರಗಟ್ಟುತ್ತಿದ್ದವು. ಮರಗಟ್ಟಿದ ಬೆರಳಲ್ಲೇ ಫ್ಯೂಸ್ ಕೂರಿಸಬೇಕು. ಹೂಳುವಾಗಲೇ ಗಡಿಯ ಬೇರೆ ಬೇರೆ ಕಡೆ ಸ್ಯಾಪರುಗಳು ಸತ್ತರು. ಯುದ್ಧ ಆಗಲೇ ಇಲ್ಲ. 2002ರ ಅಕ್ಟೋಬರಿನಲ್ಲಿ ಸೈನ್ಯ ಹಿಂದಕ್ಕೆ ಹೊರಟಿತು. ಪದಾತಿಯವರು, ತೋಪಿನವರು, ಟ್ಯಾಂಕಿನವರು ಗಂಟುಮೂಟೆ ಕಟ್ಟಿದರು. ಹೂತದ್ದನ್ನು ತೆಗೆಯಲು ನಾವು ಉಳಿದೆವು.

ಮೈನು ತೆಗೆಯುವ ಕೆಲಸವನ್ನು ಸಿನಿಮಾದಲ್ಲಿ ನೋಡಿದವರು ಬೆವರು, ಎದೆಬಡಿತ, ಕೆಂಪು ತಂತಿಯೋ ನೀಲಿ ತಂತಿಯೋ ಅಂತೆಲ್ಲ ಅಂದುಕೊಂಡಿರುತ್ತಾರೆ. ನಿಜ ಹೇಳಬೇಕೆಂದರೆ ಅದು ಕಳೆ ಕೀಳುವುದಕ್ಕಿಂತ ಬೇಸರದ ಕೆಲಸ. ಹೊಟ್ಟೆ ಮೇಲೆ ಮಲಗಿ, ಪ್ರಾಡರ್ ಅನ್ನುವ ಕಡ್ಡಿಯನ್ನು ನೆಲಕ್ಕೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ, ಮೆಲ್ಲಗೆ ಚುಚ್ಚಬೇಕು. ನೇರ ಚುಚ್ಚಿದರೆ ಮೈನಿನ ನೆತ್ತಿಗೇ ತಗಲುತ್ತದೆ; ಓರೆಯಾಗಿ ಹೋದರೆ ಪಕ್ಕೆಗೆ ತಾಗಿ ಗಟ್ಟಿ ಅನ್ನಿಸುತ್ತದೆ. ಚುಚ್ಚು, ಒಂದಿಷ್ಟು ಸರಿ, ಮತ್ತೆ ಚುಚ್ಚು. ದಿನಗಟ್ಟಲೆ ಇದೇ. ಹೂತಾಗ ಬರೆದಿಟ್ಟ ನಕ್ಷೆ ಕೈಯಲ್ಲಿರುತ್ತದೆ, ಹೊಲವಾದರೆ ಅದು ಸುಳ್ಳು ಹೇಳುವುದಿಲ್ಲ. ಮರಳುಗಾಡಿನಲ್ಲಿ ದಿಬ್ಬವೇ ನಡೆದು ಹೋಗಿರುತ್ತದೆ. ಒಂದು ಬೇಸಿಗೆಯ ಗಾಳಿ ಸಾಕು, ಗೇಣು ಆಳದ ಮೈನು ಆಳುದ್ದ ಕೆಳಗೆ ಹೋಗಿರುತ್ತದೆ, ಇಲ್ಲವೇ ಜಾರಿ ಬೇರೆ ಕಡೆ ಬಂದು ಕೂತಿರುತ್ತದೆ.

ನನಗೆ ಸಿಕ್ಕಿದ್ದು ಹಾಗೆ ಜಾರಿ ಬಂದದ್ದು. 2003, ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಹಿಂದಿನ ದಿನ ನಾವೇ ಚುಚ್ಚಿ ನೋಡಿ ಟೇಪು ಹಾಕಿದ್ದ ದಾರಿ. ರಾತ್ರಿ ಗಾಳಿ ಎದ್ದಿತ್ತು, ಪಕ್ಕದ ದಿಬ್ಬದ ಮರಳು ದಾರಿಗೆ ಕುಸಿದಿತ್ತು. ಅದರ ಜೊತೆ ಒಂದು ಎಂ-14 ಮೈನೂ ಬಂದಿತ್ತು. ಬೂಟ್ ಪಾಲಿಷ್ ಡಬ್ಬಿಯಷ್ಟು ದೊಡ್ಡದು ಅದು, ಪ್ಲಾಸ್ಟಿಕ್ಕಿನದು, ಒಳಗಿನ ಮದ್ದು 30 ಗ್ರಾಮೂ ತೂಗುವುದಿಲ್ಲ. ಕೊಲ್ಲುವುದಕ್ಕೆ ಮಾಡಿದ್ದಲ್ಲ. ಪಾದ ತೆಗೆಯುವುದಕ್ಕೆ ಮಾಡಿದ್ದು. ಸತ್ತವನನ್ನು ಬಿಟ್ಟು ಮುಂದೆ ಹೋಗಬಹುದು. ಕಾಲು ಹೋಗಿ ಕಿರುಚುವವನನ್ನು ಹೊರಲು ನಾಲ್ಕು ಜನ ಬೇಕು ಅನ್ನುವ ಲೆಕ್ಕ. ಅದನ್ನು ಹೂತದ್ದು ನಮ್ಮದೇ ಕಂಪನಿ. ನನ್ನ ಕೈಯೇ ಹೂತಿತ್ತೋ ಏನೋ, ಯಾರು ಬಲ್ಲರು.

ಸದ್ದು ದೊಡ್ಡದಾಗಿ ಕೇಳಲಿಲ್ಲ. ಯಾರೋ ಕಾಲಿನ ಕೆಳಗಿನಿಂದ ಎತ್ತಿ ಒಗೆದ ಹಾಗಾಯಿತು. ಮರಳಿನ ಮೇಲೆ ಅಂಗಾತ ಬಿದ್ದಿದ್ದೆ, ಬಾಯಿ ತುಂಬ ಮರಳು, ಸುಟ್ಟ ರಬ್ಬರಿನ ವಾಸನೆ. ಬಲಗಾಲಿನ ಬೂಟು ನೆಟ್ಟಗಿತ್ತು. ಎಡಗಾಲಿನ ಕಡೆ ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೈನಿನ ಹೊಲದಲ್ಲಿ ಬಿದ್ದವನ ಹತ್ತಿರ ಯಾರೂ ಓಡಿ ಬರುವಂತಿಲ್ಲ. ಅದು ಡ್ರಿಲ್ಲು. ಒಂದು ಸಿಡಿದ ಕಡೆ ಇನ್ನೊಂದು ಇದ್ದೇ ಇರುತ್ತದೆ ಅಂತ ಲೆಕ್ಕ ಹಿಡಿದು, ಮತ್ತೆ ಹೊಟ್ಟೆ ಮೇಲೆ ಮಲಗಿ ಚುಚ್ಚುತ್ತಾ ಚುಚ್ಚುತ್ತಾ ಬರಬೇಕು. ನಮ್ಮ ಸೆಕ್ಷನ್ನಿನ ಹವಾಲ್ದಾರರು, ಸೇಲಂ ಕಡೆಯವರು, ಟೇಪಿನ ತುದಿಯಿಂದ ಕೂಗಿದರು: ‘ಹಿಲ್ನಾ ಮತ್, ತಂಬಿ. ನಾನೇ ಬರ್ತಾ ಇದ್ದೀನಿ.’ ಆಮೇಲೆ ತಮಿಳಿನಲ್ಲಿ ಮಾತಾಡಲು ಶುರುಮಾಡಿದರು. ಮಾಲೂರಿನವನಿಗೆ ತಮಿಳು, ತೆಲುಗು ಎರಡೂ ಮನೆಮಾತಿನ ಹಾಗೇ. ಬೆಲ್ಟು ಬಿಚ್ಚು, ತೊಡೆಗೆ ಕಟ್ಟು, ಬಿಗಿ, ಇನ್ನೂ ಬಿಗಿ. ಹೇಳಿದ ಹಾಗೆ ಮಾಡಿದೆ. ಬೆಲ್ಟಿನ ಸಂದಿಯಲ್ಲಿ ನನ್ನ ಪ್ರಾಡರನ್ನೇ ತೂರಿಸಿ ತಿರುಚಿದೆ. ರಕ್ತ ನಿಧಾನವಾಯಿತು. ಆಮೇಲೆ ಕಾಯುವುದೊಂದೇ ಕೆಲಸ.

ಕಾದದ್ದು ಎಷ್ಟು ಹೊತ್ತು ಅಂತ ನನಗೆ ತಿಳಿಯದು. ಅವರು ಮಾತ್ರ ಮಾತು ನಿಲ್ಲಿಸಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ, ಹಸು ಎಷ್ಟಿವೆ, ಈ ಸಲ ರಾಗಿ ಹೇಗೆ ಬಂತು, ಹೀಗೇ ಕೇಳುತ್ತಾ ಹೋದರು. ನಾನು ಕಣ್ಣು ಮುಚ್ಚಿದರೆ ಬೈಗುಳ. ಕಡ್ಡಿ ಮರಳಿಗೆ ಇಳಿಯುವ ಸರ್, ಸರ್ ಸದ್ದು ಹತ್ತಿರವಾಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ದಾರಿಯಲ್ಲಿ ಇನ್ನೊಂದು ಎಂ-14 ಸಿಕ್ಕಿತು. ಅದನ್ನು ನಿಷ್ಕ್ರಿಯ ಮಾಡಿ ಪಕ್ಕಕ್ಕಿಟ್ಟು, ಮಾತು ಬಿಟ್ಟಲ್ಲಿಂದ ಮುಂದುವರಿಸಿದರು. ಕೊನೆಗೆ ಅವರ ಕೈ ನನ್ನ ಹೆಗಲು ಹಿಡಿಯಿತು. ಅಲ್ಲಿಯವರೆಗೆ ಅಳದವನು ಆಗ ಅತ್ತೆ.

ಎಷ್ಟೋ ಕಾಲದ ಮೇಲೆ ಆ ಹವಾಲ್ದಾರರನ್ನು ಫೋನಿನಲ್ಲಿ ಕೇಳಿದೆ: ‘ಉಸ್ತಾದ್, ಅವತ್ತು ನಿಮಗೆ ಹೆದರಿಕೆ ಆಗಲಿಲ್ವಾ?’ ಅವರು ನಕ್ಕರು. ‘ಸುಬ್ರಮಣಿಯನ್ ಸಾಹೇಬರಿಗೆ ನಾಲ್ಕು ಸೆಕೆಂಡಿತ್ತು, ಹೆದರೋಕೆ ಪುರುಸೊತ್ತೇ ಇರಲಿಲ್ಲ. ನನಗೆ ಪುರುಸೊತ್ತಿತ್ತು, ಚೆನ್ನಾಗಿ ಹೆದರಿದೆ’ ಅಂದರು. ಅವರಿಗೆ ಯಾವ ಪದಕವೂ ಬರಲಿಲ್ಲ. ಡ್ರಿಲ್ಲು ಮಾಡಿದ್ದಕ್ಕೆ ಯಾರು ಪದಕ ಕೊಡುತ್ತಾರೆ ಅನ್ನುವುದು ಅವರ ವಾದ.

ಮರುಭೂಮಿಯ ಮಿಲಿಟರಿ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಗಾಯ ಒಣಗಿದ ಮೇಲೆ ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಕಳಿಸಿದರು. ಆ ಕೇಂದ್ರ ಶುರುವಾದದ್ದು 1944ರಲ್ಲಿ, ಸುಬ್ರಮಣಿಯನ್ ಸಾಹೇಬರು ಹೋದ ವರ್ಷವೇ. ವಾರ್ಡಿನ ತುಂಬ ನನ್ನಂಥವರೇ. ಕಾರ್ಗಿಲ್ಲಿನವರು, ಕಾಶ್ಮೀರದವರು, ಪರಾಕ್ರಮದವರು. ಎರಡೂ ಕಾಲಿಲ್ಲದ ಒಬ್ಬ ಜಾಟ್ ಹುಡುಗ ನನ್ನನ್ನು ನೋಡಿ, ‘ನಿನ್ನದೇನು ಕಾಯಿಲೆಯೇ, ನೆಗಡಿ’ ಅನ್ನುತ್ತಿದ್ದ. ಅಲ್ಲಿ ಯಾರೂ ಯಾರನ್ನೂ ಅಯ್ಯೋ ಪಾಪ ಅನ್ನುತ್ತಿರಲಿಲ್ಲ. ರಾತ್ರಿ ಮಾತ್ರ ಕಷ್ಟ. ಇಲ್ಲದ ಎಡಗಾಲಿನ ಹೆಬ್ಬೆರಳು ತುರಿಸುತ್ತಿತ್ತು. ಕೈ ಹಾಕಿದರೆ ಹೊದಿಕೆ ಸಿಗುತ್ತಿತ್ತು. ಇಪ್ಪತ್ತು ವರ್ಷದ ಮೇಲಾಯಿತು, ಮಳೆಗಾಲದಲ್ಲಿ ಈಗಲೂ ತುರಿಸುತ್ತದೆ.

ಹೊಸ ಕಾಲು ಹಾಕಿಕೊಂಡು ಹಲಸೂರಿಗೆ ವಾಪಸು ಬಂದೆ. ಸೆಂಟರಿನಲ್ಲೇ ಸ್ಟೋರಿನ ಕೆಲಸ ಕೊಟ್ಟರು. ಮೊದಲ ಭಾನುವಾರ ಸೋಮೇಶ್ವರನ ಗುಡಿಗೆ ಹೋದೆ. ಬಾಗಿಲಲ್ಲಿ ಬೂಟು ಬಿಚ್ಚಿದ್ದೇ ತಡ, ಹಿಂದಕ್ಕೆ ವಾಲಿ ಬೀಳುವ ಹಾಗಾಯಿತು. ಕೃತಕ ಪಾದವನ್ನು ಬೂಟಿನ ಹಿಮ್ಮಡಿಯ ಎತ್ತರಕ್ಕೆ ಸರಿಯಾಗಿ ಕೂರಿಸಿರುತ್ತಾರೆ. ಬೂಟು ತೆಗೆದರೆ ಲೆಕ್ಕ ತಪ್ಪಿ ಮೈ ಹಿಂದಕ್ಕೆ ಎಳೆಯುತ್ತದೆ. ಹೂ ಮಾರುವ ಅಜ್ಜಿಯೊಬ್ಬರು ನೋಡಿ, ಬುಟ್ಟಿಯ ಕೆಳಗಿದ್ದ ರಟ್ಟು ಹರಿದು ಮಡಿಸಿ ಕೊಟ್ಟರು. ‘ಇದನ್ನ ಹಿಮ್ಮಡಿಗೆ ಇಟ್ಕೊಂಡು ಕಾಲುಚೀಲ ಹಾಕ್ಕೊಳಪ್ಪ, ದೇವರೇನೂ ಅನ್ನಲ್ಲ’ ಅಂದರು. ಪುಣೆಯ ಡಾಕ್ಟರು ಹೇಳಿರದ ಉಪಾಯ ಅದು. ಇವತ್ತಿಗೂ ಗುಡಿಗೆ ಹೋಗುವಾಗ ಜೇಬಿನಲ್ಲಿ ರಟ್ಟಿನ ತುಂಡು ಇಟ್ಟುಕೊಂಡೇ ಹೋಗುತ್ತೇನೆ.

ನಿವೃತ್ತಿಯ ಕಾಗದ ಓಡಾಡುವಾಗ ಒಂದು ಕಚೇರಿಯಲ್ಲಿ ನನ್ನ ಫೈಲು ನಿಂತಿತು. ಯುದ್ಧದ ಗಾಯಕ್ಕೆ ಪಿಂಚಣಿ ಬೇರೆ, ಅದು ಹೆಚ್ಚು. ಸೇವೆಯಲ್ಲಿ ಆದ ಸಾಮಾನ್ಯ ಗಾಯಕ್ಕೆ ಬೇರೆ. ನನ್ನನ್ನು ಎರಡನೆಯದರಲ್ಲಿ ಸೇರಿಸಿದ್ದರು. ಯಾಕೆ ಸ್ವಾಮಿ ಅಂತ ಕೇಳಿದೆ. ಗುಮಾಸ್ತರು ಒಳ್ಳೆಯವರೇ, ಕೂರಿಸಿ ನೀರು ಕೊಟ್ಟು ವಿವರಿಸಿದರು: ‘ಯುದ್ಧ ಆಗಲಿಲ್ಲ. ಮೈನು ನಮ್ಮದೇ. ಶತ್ರು ಎಲ್ಲಿದ್ದ?’ ಉತ್ತರ ಹೊಳೆಯಲಿಲ್ಲ. ಹೊರಗೆ ಬಂದು ಬಸ್ಸಿಗೆ ನಿಂತಾಗ ಸುಬ್ರಮಣಿಯನ್ ಸಾಹೇಬರು ನೆನಪಾದರು. ಶತ್ರು ಅಲ್ಲೂ ಇರಲಿಲ್ಲವಲ್ಲ. ಇರಲಿಲ್ಲ ಅಂತಲೇ ಬೇರೆ ಪದಕ ಕೊಟ್ಟರು. ಶೌರ್ಯ ಕಡಿಮೆ ಅಂತ ಕೊಡಲಿಲ್ಲ.

ಹಳೆಯ ಸುಬೇದಾರ್ ಮೇಜರ್ ಒಬ್ಬರು ದಾರಿ ತೋರಿಸಿದರು. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶದಲ್ಲಿ ಇದು ಸ್ಪಷ್ಟವಾಗಿದೆ. ಗಡಿಯ ಹತ್ತಿರ ಕಾರ್ಯಾಚರಣೆಯ ಪ್ರದೇಶದಲ್ಲಿ ಮೈನು ಹೂಳುವಾಗ, ಇಲ್ಲವೇ ಹೂತ ಮೈನು ತೆಗೆಯುವಾಗ ಸಾವುನೋವಾದರೆ, ಆ ಮೈನು ಶತ್ರುವಿನದಾಗಿರಲಿ ನಮ್ಮದೇ ಆಗಿರಲಿ, ಅದು ಯುದ್ಧದ ಸಾವುನೋವಿನ ವರ್ಗಕ್ಕೇ ಸೇರುತ್ತದೆ. ಆ ಹಾಳೆಯ ನಕಲು ಲಗತ್ತಿಸಿ ಅರ್ಜಿಯ ಮೇಲೆ ಅರ್ಜಿ ಹಾಕಿದೆ. ಕೊನೆಗೆ ಸರಿಯಾಯಿತು, ಬಾಕಿಯೂ ಬಂತು. ದುಡ್ಡಿಗಿಂತ ಆ ಕಾಗದದಲ್ಲಿ ಬರೆದ ಸಾಲು ನನಗೆ ಮುಖ್ಯವಾಗಿತ್ತು. ನನ್ನ ಹೆಂಡತಿಗೆ ದುಡ್ಡೇ ಮುಖ್ಯವಾಗಿತ್ತು, ಅವಳದ್ದೂ ತಪ್ಪಲ್ಲ.

ಈಗ ನಮ್ಮ ಮನೆ ರಾಮಮೂರ್ತಿನಗರದಲ್ಲಿ. ಹೊರವರ್ತುಲ ರಸ್ತೆಯ ಜಂಕ್ಷನ್ನಿನಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಪುತ್ಥಳಿ ಇದೆ. ಹಲಸೂರಿನ ಫ್ರಾಂಕ್ ಆಂಥೊನಿ ಶಾಲೆಯಲ್ಲಿ ಓದಿದ ಹುಡುಗ; ನಾವು ಸೆಂಟರಿನಲ್ಲಿ ಬೆವರುತ್ತಿದ್ದಾಗ ಅಲ್ಲೇ ಹತ್ತಿರದ ರಸ್ತೆಗಳಲ್ಲಿ ಚೀಲ ಹೊತ್ತು ಓಡಾಡಿರಬೇಕು. ಬಿಹಾರ್ ರೆಜಿಮೆಂಟಿನ 7ನೇ ಬೆಟಾಲಿಯನ್ನಿನಿಂದ ಎನ್.ಎಸ್.ಜಿ. ಕಮಾಂಡೊ ಪಡೆಗೆ ಹೋಗಿದ್ದರು. 2008ರ ನವೆಂಬರಿನಲ್ಲಿ ಉಗ್ರರು ನುಗ್ಗಿದ್ದ ಮುಂಬಯಿಯ ತಾಜ್ ಹೋಟೆಲಿನೊಳಗೆ 14 ಜನ ಒತ್ತೆಯಾಳುಗಳನ್ನು ಬಿಡಿಸಿದರು. ತಂಡದ ಒಬ್ಬನಿಗೆ ಗುಂಡು ಬಿದ್ದಾಗ ಅವನನ್ನು ಮೊದಲು ಸುರಕ್ಷಿತ ಜಾಗಕ್ಕೆ ಸಾಗಿಸಿ, ತಾವು ಉಗ್ರರ ಬೆನ್ನು ಹತ್ತಿದರು. ನವೆಂಬರ್ 28ರಂದು ತೀರಿಕೊಂಡಾಗ ಅವರಿಗೆ 31 ವರ್ಷ. ಮುಂದಿನ ಜನವರಿ 26ಕ್ಕೆ ಅಶೋಕ ಚಕ್ರ. ಟಿ.ವಿ.ಯಲ್ಲಿ ನೋಡುತ್ತಿದ್ದಾಗ ಎಲ್ಲರೂ ಅವರ ಬಗ್ಗೆಯೇ ಮಾತಾಡುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಗುಂಡು ಬಿದ್ದು ಅವರು ಸುರಕ್ಷಿತ ಜಾಗಕ್ಕೆ ಸಾಗಿಸಿದ ಆ ಜವಾನ. ಅವನು ಬದುಕಿದ. ಬದುಕಿಸಿದವರು ಬದುಕಲಿಲ್ಲ. ಅದನ್ನು ಹೊತ್ತು ಓಡಾಡುವುದು ಹೇಗೆ ಅಂತ ಅವನಿಗೇ ಗೊತ್ತು. ನನ್ನನ್ನು ಎಳೆದು ತಂದವರು ಸೇಲಂನಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರೆ, ಆ ಮಟ್ಟಿಗೆ ನಾನು ಪುಣ್ಯವಂತ.

2016ರ ಜನವರಿ 3ರಂದು ಪಠಾಣ್‌ಕೋಟ್ ವಾಯುನೆಲೆಯಲ್ಲಿ ಸತ್ತ ಉಗ್ರನ ಮೈಮೇಲಿದ್ದ ಗ್ರೆನೇಡು ಸಿಡಿದು ತೀರಿಕೊಂಡ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರೂ ನಮ್ಮ ಎಂ.ಇ.ಜಿ.ಯವರೇ, ಬೆಂಗಳೂರಿನಲ್ಲಿ ಮನೆಯಿದ್ದವರು. ಅಲ್ಲೂ ಎದುರಿಗಿದ್ದ ಶತ್ರು ಆಗಲೇ ಸತ್ತಿದ್ದ.

ಮನುಷ್ಯರನ್ನು ಗುರಿಯಿಟ್ಟ ಮೈನುಗಳ ಬಳಕೆಯನ್ನು ಎಲ್ಲ ದೇಶಗಳೂ ಬಿಡಬೇಕು ಅಂತ 1997ರಲ್ಲಿ ಒಟ್ಟಾವ ಒಪ್ಪಂದ ಆಯಿತು. ಭಾರತ ಸಹಿ ಹಾಕಿಲ್ಲ, ಪಾಕಿಸ್ತಾನವೂ ಹಾಕಿಲ್ಲ. ಹಾಕಬೇಕೇ ಬೇಡವೇ ಅನ್ನುವುದನ್ನು ಬಲ್ಲವರು ಚರ್ಚಿಸಲಿ. ಹೂಳುವುದು ಸುಲಭ, ತೆಗೆಯುವುದು ಕಷ್ಟ ಅನ್ನುವುದಕ್ಕೆ ಮಾತ್ರ ನಾನು ಸಾಕ್ಷಿ.

ಹಲಸೂರು ಕೆರೆಯ ಸುತ್ತಮುತ್ತ ಅಸ್ಸಾಯೆ ರಸ್ತೆ ಇದೆ, ಮೀಯಾನಿ ಅವೆನ್ಯೂ ಇದೆ. ಒಂದು 1803ರ ಕಾಳಗ, ಇನ್ನೊಂದು 1843ರದು, ಎರಡರಲ್ಲೂ ನಮ್ಮ ಪಡೆ ಇತ್ತು. ಆ ರಸ್ತೆಗಳಲ್ಲಿ ದಿನಾ ಆಟೊ ಓಡಿಸುವವರಿಗೂ ಆ ಹೆಸರು ಯಾಕೆ ಬಂತು ಅಂತ ಗೊತ್ತಿಲ್ಲ, ಅದರಲ್ಲಿ ಅವರ ತಪ್ಪೇನಿಲ್ಲ, ಹೇಳಿದವರಿಲ್ಲ. ಕಂಟೋನ್ಮೆಂಟಿನ ಗೋಡೆಯೊಳಗೆ ಪ್ರತಿ ರಂಗರೂಟಿಗೂ ಸುಬ್ರಮಣಿಯನ್ ಸಾಹೇಬರು ಗೊತ್ತು. ಗೋಡೆಯ ಈಚೆಗೂ ಗೊತ್ತಾಗಲಿ ಅನ್ನುವುದು ನನ್ನ ಆಸೆ. ಹಲಸೂರು, ಶಿವಾಜಿನಗರ, ಇಂದಿರಾನಗರದ ಶಾಲೆಯ ಮೇಷ್ಟರುಗಳಲ್ಲಿ ಒಂದು ಕೋರಿಕೆ: ಫೆಬ್ರವರಿ 24ರಂದು ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಅವರ ಕಥೆ ಹೇಳಿ. ಹೇಳುವವರು ಬೇಕಿದ್ದರೆ ಎಂ.ಇ.ಜಿ.ಯ ನಿವೃತ್ತ ತಂಬಿಗಳು ಈ ಕಡೆಯ ಪ್ರತಿ ಬಡಾವಣೆಯಲ್ಲೂ ಇದ್ದೇವೆ, ಕರೆದರೆ ಬರುತ್ತೇವೆ. ಮತ್ತೆ, ಮೈನಿನಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡವರ ಪಿಂಚಣಿ ‘ಶತ್ರು ಎಲ್ಲಿದ್ದ’ ಅನ್ನುವ ಪ್ರಶ್ನೆಯಲ್ಲಿ ನಿಂತಿದ್ದರೆ, 2001ರ ಆ ಆದೇಶದ ನಕಲು ಹಿಡಿದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ ಎರಡನ್ನೂ ಮರೆಯದೆ ತೆಗೆದುಕೊಂಡು ಹೋಗಿ.